ಹಾಡು ಬೇಕು, ಹಾಡುವಾಕಿ ಬ್ಯಾಡ

“ನಿನ್ನ ಮದುವಿಯೊಳಗ ಅಕ್ಷತಿ ಬೀಳೂಮುಂದ ನಾನ ಹಾಡ್ತೀನಿ. ಈಗ ಸರಿಗಮ ನೆಟ್ಟಗ ಹೇಳು” ಎಂದು ಮಸ್ಕಿಯ ಕಲ್ಯಾಣಮ್ಮ ತನ್ನಲ್ಲಿ ಹಾಡು ಕಲಿಯಲು ಬರುತ್ತಿದ್ದ ಎಂಟು ವರ್ಷದ ರಾಜಶ್ರೀಗೆ ಮಾತು ಕೊಟ್ಟು ಹದಿನಾರು ವರ್ಷವಾಗಿತ್ತು. ಸಂಜೆ ಒಂದು ಕಡೆ ರೊಟ್ಟಿ ಬಡಿಯುತ್ತ, ಇನ್ನೊಂದು ಕಡೆ ಮಕ್ಕಳ ಶ್ರುತಿ ತಿದ್ದುತ್ತಿದ್ದ ಹೆಣ್ಣುಮಗಳು ಆಕೆ. ಸಿಂಧನೂರು, ಲಿಂಗಸುಗೂರು ಕಡೆ ಆಕೆಯ ದನಿಯಿಲ್ಲದೆ ನಡೆದ ಮದುವೆಗಳೇ ಕಡಿಮೆ.

ಮೂರು ವರ್ಷದ ಹಿಂದೆ ಗಂಡ ತೀರಿಕೊಂಡ. ಮದುವೆಯ ಕರೆಗಳು ನಿಂತವು. ತಿಥಿಯ ಭಜನೆಗೆ ಮಾತ್ರ ಕರೆಯುತ್ತಿದ್ದರು. ಅದೇ ದನಿ ಸತ್ತವರ ಮನೆಗೆ ಸಲ್ಲುತ್ತಿತ್ತು, ಬಾಳಬೇಕಾದವರ ಮನೆಗೆ ಸಲ್ಲುತ್ತಿರಲಿಲ್ಲ. ಇದನ್ನು ನಾವೆಲ್ಲ ರೂಢಿ ಎಂದು ಕರೆದು ಸುಮ್ಮನಾಗುತ್ತೇವೆ. ಬರಬರುತ್ತ ಆಕೆಗೂ ತನ್ನ ಗಂಟಲೇ ಕೆಟ್ಟದ್ದೆನಿಸಿತು. ತಂಗಿಯ ಮೊಮ್ಮಗನ ತೊಟ್ಟಿಲ ಮುಂದೆಯೂ ಬಾಯಿ ಬಿಡಲಿಲ್ಲ.

ರಾಜಶ್ರೀ ಬಿಡಲಿಲ್ಲ. ತನ್ನ ಮದುವೆಗೆ ಹಾಡಲು ಮನೆಗೇ ಬಂದು ಕರೆದಳು. ಹಾಗಾಗಿ ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ ಕಲ್ಯಾಣಮ್ಮ ಮೈಕಿನ ಮುಂದೆ ಕೂತಿದ್ದಳು. ಮುಹೂರ್ತಕ್ಕೆ ಅರ್ಧ ತಾಸಿತ್ತು. ವರನ ದೊಡ್ಡಪ್ಪ, ಲಿಂಗಸುಗೂರಿನ ವ್ಯಾಪಾರಿ ಶಿವಶರಣಪ್ಪ, ಬಂದು ನಿಂತರು.

“ನೋಡವ್ವ ತಂಗಿ, ನಿನ್ನ ಹಾಡು ಅಂದ್ರ ನಮಗೂ ಬಲು ಪ್ರೀತಿ. ಮೊಬೈಲಿನ್ಯಾಗ ಐತಲ್ಲ, ಅದನ್ನ ಸ್ಪೀಕರಿಗೆ ಹಚ್ಚಸ್ತೀನಿ. ನೀ ಒಳಗ ಹೋಗಿ ಊಟ ಮಾಡು.”

“ಅದೂ ನನ್ನ ದನೀನ ಐತಲ್ರಿ?”

“ದನಿ ಬ್ಯಾರೆ, ಮಾರಿ ಬ್ಯಾರೆ. ಮುತ್ತೈದೇರು ಕುಂದ್ರೊ ಜಾಗ ಇದು. ಹಿಂದಿನಿಂದ ನಡಕೊಂಡು ಬಂದೈತಿ, ನಾ ಮಾಡಿದ್ದಲ್ಲ.”

ಪಕ್ಕದಲ್ಲಿ ಡೋಲಕ್ ಬಿಗಿಯುತ್ತಿದ್ದ ಪಕೀರಪ್ಪ ತಲೆಯೆತ್ತಿದ. “ಯಜಮಾನ್ರ, ನನ್ನ ಹೆಂಡತಿ ತೀರಿ ಹೋಗಿ ಇನ್ನಾ ಆರು ತಿಂಗಳಾಗಿಲ್ಲ. ಡೋಲಕ್ಕೂ ಮೊಬೈಲಿನ್ಯಾಗ ಹಚ್ಚತೀರೇನು?”

ಹತ್ತಿರದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

“ನೀ ಗಂಡಸು, ಲೇ. ನಿನಗ್ಯಾವ ಶಾಸ್ತ್ರ? ಸುಮ್ನ ಬಾರಸು.”

ಆ ಮಾತು ಕೇಳಿದ್ದೇ ಕಲ್ಯಾಣಮ್ಮನ ಎದೆ ಹಗುರಾಯಿತು. ಮೂರು ವರ್ಷ ತನ್ನ ಗಂಟಲಲ್ಲಿ ಹುಡುಕಿದ ದೋಷ ಅಲ್ಲಿ ಇರಲೇ ಇಲ್ಲ. ಸೆರಗು ಸಿಕ್ಕಿಸಿ ನೆಟ್ಟಗೆ ಕೂತಳು.

“ನನ್ನ ಗಂಡ ಬಿ.ಪಿ. ಗುಳಿಗಿ ಬಿಟ್ಟಿದ್ದಕ್ಕ ಸತ್ತಾನ್ರಿ, ನಾ ಹಾಡಿದ್ದಕ್ಕಲ್ಲ. ಲಗ್ನಪತ್ರಿಕಿ ಮ್ಯಾಲ ಶರಣರ ಫೋಟೋ ಹಾಕಸೀರಿ, ಒಂದಿಷ್ಟು ಅವರ ಮಾತೂ ಕೇಳ್ರಿ. ನಾ ಏಳಂಗಿಲ್ಲ. ಎಬ್ಬಸೋದಿದ್ರ ನೀವ ಕೈ ಹಿಡಿದು ಎಬ್ಬಸ್ರಿ.”

ತುಂಬಿದ ಮಂಟಪದಲ್ಲಿ ಪರಹೆಣ್ಣಿನ ಕೈ ಹಿಡಿಯುವುದೆಂತು? ಶಿವಶರಣಪ್ಪ ಬೀಗರತ್ತ ನೋಡಿದರು. ಬೀಗರು ನೆಲ ನೋಡಿದರು.

“ಹಾಡ್ರಿ ಟೀಚರ್” ಎಂದಳು ಬಾಸಿಂಗ ಕಟ್ಟಿದ ರಾಜಶ್ರೀ.

ಶಿವಶರಣಪ್ಪ ನಾಲ್ಕು ಜನರೊಂದಿಗೆ ಊಟದ ಹಾಲಿಗೆ ನಡೆದರು. ಮುಹೂರ್ತ ಬಂದಾಗ ಉಳಿದವರು ಅಕ್ಷತೆ ಹಿಡಿದು ನಿಂತರು. ಪಕೀರಪ್ಪ ಠೇಕಾ ಕೊಟ್ಟ. ಮೊದಲ ಸಾಲಿನಲ್ಲಿ ದನಿ ತುಸು ನಡುಗಿತು, ಎರಡನೆಯದರಲ್ಲಿ ಮಂಟಪ ತುಂಬಿತು. ಅಕ್ಷತೆ ಬಿತ್ತು.

ರಾಜಶ್ರೀಗೆ ಕೊಟ್ಟ ಮಾತನ್ನು ಕಲ್ಯಾಣಮ್ಮ ಉಳಿಸಿಕೊಂಡಳು.