ಹದಿನೇಳನೆಯ ಸದ್ದು

ಕಂಪ್ಯೂಟರಿನ ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಕಂಡಕ್ಟರಮ್ಮ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದಳು. ಮೈಮೇಲೆ ಯೂನಿಫಾರ್ಮು, ಹೆಗಲಲ್ಲಿ ಟಿಕೆಟ್ ಚೀಲ. ಮಧ್ಯಾಹ್ನದ ಎರಡು ಟ್ರಿಪ್ಪುಗಳ ನಡುವಿನ ಬಿಡುವಿನಲ್ಲಿ ಊಟ ಬಿಟ್ಟು ಬಂದಿದ್ದಳು.

"ಓಹೋ, ನಮ್ಮ ಬಸ್ಸಿನ ಅಕ್ಕ!" ರಿಪೇರಿಯವನು ಕನ್ನಡಕವನ್ನು ಹಣೆಗೇರಿಸಿದ. "ಬನ್ನಿ ಬನ್ನಿ, ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಜಾಗ ಇದೆ!"

ದಿನವೂ ಬಸ್ಸಿನಲ್ಲಿ ಅವಳು ಕೂಗುವ ಮಾತನ್ನೇ ಅವನು ತಿರುಗಿಸಿ ಕೊಟ್ಟಿದ್ದ. ಅವಳು ನಗಬೇಕೆಂದುಕೊಂಡಳು, ತುಟಿ ಒಪ್ಪಲಿಲ್ಲ.

"ಮಗಳದು ಅಣ್ಣ. ಮೂರು ದಿನದಿಂದ ಶುರುವಾಗ್ತಾನೇ ಇಲ್ಲ. ನೀಲಿ ಬಣ್ಣ ಬರತ್ತೆ, ಆರತ್ತೆ, ಮತ್ತೆ ಅದೇ. ಪಕ್ಕದ್ಮನೆಯವ್ರು ಫಾರ್ಮ್ಯಾಟ್ ಮಾಡಿಸ್ಬಿಡಿ ಅಂತಾರೆ. ಆದ್ರೆ ಅವಳ ಸ್ಕೂಲಿನ ಕೆಲಸ ಎಲ್ಲಾ ಅದರೊಳಗೇ ಇದೆ. ಮನೆಯ ಸದ್ದುಗಳಂತೆ, ಇಪ್ಪತ್ತು ಬೇಕಂತೆ, ಒಂದು ತಿಂಗಳಿಂದ ರೆಕಾರ್ಡ್ ಮಾಡ್ತಿದಾಳೆ. ನಾಳೆ ಒಪ್ಪಿಸ್ಬೇಕು."

"ಫಾರ್ಮ್ಯಾಟ್ ಮಾಡೋಕೆ ನಾನ್ಯಾಕೆ ಬೇಕು, ಸುತ್ತಿಗೆ ಸಾಕು. ಗೋಡೆ ಬಿರುಕು ಬಿಟ್ರೆ ಗೋಡೆ ಸರಿ ಮಾಡೋಣ, ಒಳಗಿನ ಪಾತ್ರೆ ಪಡಗ ಯಾಕೆ ಬೀದಿಗೆ ಹಾಕ್ಬೇಕು?"

ಅವನು ಪೆನ್‌ಡ್ರೈವ್ ಸಿಕ್ಕಿಸಿ, ಮೊದಲು ಒಳಗಿದ್ದುದನ್ನೆಲ್ಲ ತನ್ನ ಡಿಸ್ಕಿಗೆ ನಕಲು ಮಾಡಿಕೊಂಡ. ಆಮೇಲೆ ರಿಪೇರಿ ಶುರು. ಫೈಲುಗಳನ್ನು ಉಳಿಸಿಕೊಳ್ಳಬೇಕೋ ಎಲ್ಲವನ್ನೂ ಅಳಿಸಬೇಕೋ ಎಂದು ತೆರೆ ಕೇಳಿತು. ಅವನು ಎರಡು ಸಲ ಓದಿ ಉಳಿಸಿಕೊಳ್ಳುವುದನ್ನು ಒತ್ತಿ, ಕೈಕಟ್ಟಿ ಕೂತ.

"ಅಪ್‌ಡೇಟ್ ಆಗ್ತಿರೋವಾಗ ಯಾರೋ ಪ್ಲಗ್ ಕಿತ್ತಿದಾರೆ ಅಕ್ಕ. ಮಗಳೇನಾ?"

"ಮಕ್ಕಳಲ್ವಾ..." ಎಂದುಬಿಟ್ಟಳು.

ಕಿತ್ತವಳು ಕಂಡಕ್ಟರಮ್ಮನೇ. ಅವತ್ತು ಸಂಜೆ ಮನೆಗೆ ಬಂದಾಗ ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಯಾರೂ ಇಲ್ಲದ ಕೋಣೆಯಲ್ಲಿ ಕಂಪ್ಯೂಟರು ತನ್ನಷ್ಟಕ್ಕೆ ಉರಿಯುತ್ತಿತ್ತು. ತೆರೆಯ ಮೇಲೆ ಆಫ್ ಮಾಡಬೇಡಿ ಎಂದು ಬರೆದಿತ್ತು. ಅವಳು ಓದಲಿಲ್ಲ ಎನ್ನುವಂತಿಲ್ಲ, ಓದಿದ್ದಳು. ಬೆಳಗಿನಿಂದ ಕಂಡಕಂಡವರ ಅಪ್ಪಣೆ ಕೇಳಿ ಬಂದ ಮೇಲೆ ಈ ಡಬ್ಬದ್ದೂ ಕೇಳಬೇಕೇ ಎಂದು ರೇಗಿ ಎಳೆದಿದ್ದಳು. ಮರುದಿನ ಮಗಳು ಕಣ್ಣು ಕೆಂಪಗೆ ಮಾಡಿಕೊಂಡು, "ನಾನೇ ಏನೋ ತಪ್ಪು ಒತ್ತಿದೀನಿ ಅನ್ಸತ್ತಮ್ಮ" ಎಂದಾಗ, "ಇನ್ಮೇಲಾದ್ರೂ ಮೈಮೇಲೆ ಎಚ್ಚರ ಇಟ್ಕೋ" ಎಂದು ಬೇರೆ ಹೇಳಿದ್ದಳು.

ಮುಕ್ಕಾಲು ಗಂಟೆ ಕಳೆದು ತೆರೆ ಬೆಳಗಿತು. ಮಗಳು ಹಾಕಿಕೊಂಡಿದ್ದ ಬೆಕ್ಕಿನ ಚಿತ್ರ ಹಾಗೇ ಇತ್ತು. ಕಂಡಕ್ಟರಮ್ಮನಿಗೆ ಹೋದ ಜೀವ ಬಂದಂತಾಯಿತು.

"ತಾಳಿ, ನಂದೊಂದು ಪದ್ಧತಿ ಇದೆ," ಎಂದ ರಿಪೇರಿಯವನು. "ಒಂದು ಫೋಟೋ, ಒಂದು ಬರಹ, ಒಂದು ಸದ್ದು, ಮೂರನ್ನೂ ನಿಮ್ಮ ಕಣ್ಣೆದುರೇ ತೆರೆದು ತೋರಿಸ್ತೀನಿ. ಮನೆಗೆ ಹೋದ್ಮೇಲೆ ಅದಿಲ್ಲ ಇದಿಲ್ಲ ಅನ್ಬಾರ್ದು ನೋಡಿ."

ಫೋಟೋ ತೆರೆಯಿತು. ಬರಹ ತೆರೆಯಿತು. ಸದ್ದುಗಳ ಫೋಲ್ಡರಿನಲ್ಲಿ ಕೊನೆಯದನ್ನು ಒತ್ತಿದ.

"ಹದಿನೇಳು. ನಲ್ಲಿ ತೊಟ್ಟಿಕ್ಕೋ ಸದ್ದು." ಮಗಳ ಪಿಸುದನಿ. ಆಮೇಲೆ ಬಕೆಟ್ಟಿಗೆ ಬೀಳುವ ಹನಿ. ಒಂದು. ಎರಡು. ಮೂರು.

ನಾಲ್ಕನೆಯದು ಬೀಳುವಷ್ಟರಲ್ಲಿ ಸ್ಪೀಕರಿನಿಂದ ಅಂಗಡಿಯ ಗಾಜು ಅದುರುವಂಥ ಗಂಟಲು: "ಅಲ್ಲೇನು ಕಲ್ಲಿನ ಹಾಗೆ ಕೂತಿದೀಯ? ಕಿವಿ ಕೇಳಲ್ವಾ? ನಿನ್ನಂಥವಳನ್ನ ಹೆತ್ತು ನಾನು ಉದ್ಧಾರ ಆದೆ! ಏಳೇ ಮೇಲೆ!"

ಬಕೆಟ್ ಉರುಳಿದ ಸದ್ದು. ದೂರವಾದ ಹೆಜ್ಜೆ. ಆಮೇಲೆ ಮತ್ತೆ ಮಗಳು, ಅಳುವಿಲ್ಲ, ಸಿಟ್ಟಿಲ್ಲ, ಮಳೆ ಬಂತು ಎಂದಷ್ಟು ಸಲೀಸಾಗಿ: "ಅಮ್ಮ ಬಂದ್ಲು. ಇದನ್ನ ಮತ್ತೆ ತಗೋಬೇಕು."

ರಿಪೇರಿಯವನು ಕೀಬೋರ್ಡಿನ ಮೇಲಿನ ಇಲ್ಲದ ಧೂಳನ್ನು ಊದಿದ. ನಿಂತ ಮುದುಕರಿಗೆ ಸೀಟು ಬಿಡಿಸಿಕೊಡುವ, 'ಮೆಲ್ಲಗೆ ಇಳೀರಿ ತಾತ' ಎನ್ನುವ ಅಕ್ಕನಷ್ಟೇ ಅವನಿಗೆ ಗೊತ್ತಿದ್ದಳು. ಕಂಡಕ್ಟರಮ್ಮ ತೆರೆಯನ್ನೇ ನೋಡಿದಳು. ಫೈಲುಗಳ ಹೆಸರು ಸಾಲಾಗಿ ನಿಂತಿದ್ದವು. ಐದು, ಗಡಿಯಾರ, ಅಮ್ಮ ಬಂದ್ಲು. ಒಂಬತ್ತು, ಕಿಟಕಿ, ಅಮ್ಮ ಬಂದ್ಲು. ಹನ್ನೆರಡು, ಅಜ್ಜನ ಗೊರಕೆ, ಅಮ್ಮ ಬಂದ್ಲು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಅಕ್ಕ," ಅವನು ದನಿ ತಗ್ಗಿಸಿದ, "ಬೇಕಿದ್ರೆ ಇವನ್ನ ತೆಗೆದ್ಬಿಡ್ಲಾ? ರಿಪೇರಿಲಿ ಹೋಯ್ತು ಅಂದ್ರಾಯ್ತು. ನಾನೇನೂ ಕೇಳಿಲ್ಲ."

ಒಂದು ಗಳಿಗೆ ಅವಳ ತಲೆ ಹೂಂ ಎಂದು ಆಡಿಯೇಬಿಟ್ಟಿತ್ತು. ಅವನ ಬೆರಳು ಗುಂಡಿಯತ್ತ ಹೋದದ್ದನ್ನು ಕಂಡು ತಟ್ಟನೆ ಅವನ ಮಣಿಕಟ್ಟು ಹಿಡಿದಳು.

"ಬೇಡ ಅಣ್ಣ. ಅವಳು ಇಟ್ಟಿದ್ದು ಅವಳು ಇಟ್ಟ ಹಾಗೇ ಇರ್ಲಿ." ಮಣಿಕಟ್ಟು ಬಿಟ್ಟಳು. "ಇನ್ನೊಂದು. ಪ್ಲಗ್ ಕಿತ್ತಿದ್ದು ಮಗಳಲ್ಲ, ನಾನು."

"ಅದನ್ನ ನಂಗೆ ಹೇಳಿ ಏನು ಬಂತು ಅಕ್ಕ," ಎಂದ ಅವನು, ಬೆಡ್‌ಶೀಟು ಸುತ್ತಿಕೊಡುತ್ತ.

ಸಂಜೆ ಮಗಳು ಶಾಲೆಯಿಂದ ಬಂದವಳೇ, ಚೀಲವನ್ನೂ ಇಳಿಸದೆ ಫೋಲ್ಡರು ತೆರೆದು ಬೆರಳಿಟ್ಟು ಎಣಿಸಿದಳು. "ಎಲ್ಲಾ ಇದೆ! ಅಮ್ಮ, ಎಲ್ಲಾ ಇದೆ!"

"ಕೆಡಿಸಿದ್ದು ನೀನಲ್ಲ," ಎಂದಳು ಕಂಡಕ್ಟರಮ್ಮ ಬಾಗಿಲಲ್ಲೇ ನಿಂತು. "ಆಫ್ ಮಾಡಬೇಡಿ ಅಂತ ಬರೆದಿದ್ದನ್ನ ಓದಿ, ಆಮೇಲೆ ಪ್ಲಗ್ ಕಿತ್ತೆ. ನಿಂದೇ ತಪ್ಪು ಅಂತ ಅಂದ್ಕೊಳ್ಳೋಕೆ ಬಿಟ್ಟೆ."

ಮಗಳ ಮುಖದ ನಗು ಇಳಿಯಿತು. "ಮೂರು ದಿನ," ಎಂದಳು. ಅಷ್ಟೇ. ತೆರೆಯತ್ತ ತಿರುಗಿದಳು.

"ಹದಿನೇಳನೇದು ಕೇಳಿದೆ," ಎಂದಳು ತಾಯಿ.

ಮಗಳು ತಿರುಗಿ ನೋಡಲಿಲ್ಲ. "ಅದನ್ನ ಈಗ ಮತ್ತೆ ತಗೋಬೇಕು. ನೀನು ಸದ್ದು ಮಾಡ್ಬೇಡ."

ಮಗಳು ಬಚ್ಚಲಿಗೆ ಹೋಗಿ ನಲ್ಲಿಯನ್ನು ಒಂದಿಷ್ಟು ಸಡಿಲಿಸಿದಳು. ಕಂಡಕ್ಟರಮ್ಮ ಹೊರಗೆ ಗೋಡೆಗೊರಗಿ ನೆಲದ ಮೇಲೆ ಕೂತಳು. ಹೆಗಲಿನ ಟಿಕೆಟ್ ಚೀಲವನ್ನು ಇಳಿಸಲು ಹೋದರೆ ಚಿಲ್ಲರೆ ಝಣಗುಟ್ಟೀತು ಎಂದು ಅದನ್ನು ಎರಡೂ ಕೈಗಳಿಂದ ಹೊಟ್ಟೆಗೆ ಅವುಚಿಕೊಂಡು, ಹನಿಗಳು ಒಂದೊಂದಾಗಿ ಬೀಳುವುದನ್ನು ಉಸಿರು ಬಿಗಿಹಿಡಿದು ಕೇಳತೊಡಗಿದಳು.