ತಿಂಗಳ ಮೊದಲ ಸೋಮವಾರ

ಮಂಗಳವಾರವೂ ಮಕ್ಕಳು ಡಬ್ಬಿ ಇಲ್ಲದೆ ಬಂದಾಗ ಔರಾದ ಶಾಲೆಯ ಅಡುಗೆಯ ರುಕ್ಮಿಣಿಬಾಯಿ ಸೌಟು ಹಿಡಿದುಕೊಂಡೇ ಆಫೀಸಿಗೆ ನುಗ್ಗಿದಳು. "ನಂದೂ, ದಾಸೋಹ ನಿನ್ನೆನೇ ಮುಗೀತಲ್ಲೋ. ಇವತ್ತ ಮತ್ತ ಯಾಕ ಫೋನ್ ಹಚ್ಚಿ ಊಟ ಅದ ಅಂತ ಹೇಳಿದಿ?"

ಗುಮಾಸ್ತ ನಂದಕುಮಾರ ಹೇಳಿರಲಿಲ್ಲ. ಹೇಳಿದ್ದು ಕಂಪ್ಯೂಟರು. ಅವರ ಸಂಸ್ಥೆಗೆ ಬೀದರ, ಭಾಲ್ಕಿ, ಔರಾದಗಳಲ್ಲಿ ಒಂದೊಂದು ಶಾಲೆ. ಶರಣರ ಸಂಸ್ಥೆಯಾದ್ದರಿಂದ ಮೂರರಲ್ಲೂ ದಾಸೋಹ ಉಂಟು: ಬೀದರದಲ್ಲಿ ಒಂದನೇ ತಾರೀಖು, ಭಾಲ್ಕಿಯಲ್ಲಿ ಗುರುವಾರ, ಔರಾದದಲ್ಲಿ ಮಾತ್ರ ತಿಂಗಳ ಮೊದಲ ಸೋಮವಾರ. ಅಂದು ಬೆಳಿಗ್ಗೆ 'ಇವತ್ತು ಶಾಲೆಯಲ್ಲೇ ಪ್ರಸಾದ, ಡಬ್ಬಿ ಕಳಿಸಬೇಡಿ' ಎಂದು ಮನೆಮನೆಗೆ ಫೋನಿನಲ್ಲಿ ಸಂದೇಶ ಹೋಗಬೇಕು. ಆ ಕೆಲಸವನ್ನು ಈ ಸೋಮವಾರ, ಒಂದನೇ ತಾರೀಖಿನಿಂದ ಲಿನಕ್ಸ್ ಕಂಪ್ಯೂಟರಿಗೆ ಒಪ್ಪಿಸಿದ್ದರು. ಅದರೊಳಗಿನ ಕ್ರಾನ್ ಎಂಬ ವ್ಯವಸ್ಥೆಗೆ ಒಂದು ಸಾಲು ಬರೆದಿಟ್ಟರೆ ಹೊತ್ತಿಗೆ ಸರಿಯಾಗಿ ಅದೇ ಮಾಡಿಕೊಂಡು ಹೋಗುತ್ತದೆ.

ಬೀದರದ ಕಂಪ್ಯೂಟರ್ ಮೇಡಂ ಫರ್ಹೀನ ಇಂಗ್ಲಿಷ್ ಕೈಪಿಡಿಯನ್ನು ಕನ್ನಡ ಮಾಡಿ ಮೂರೂ ಊರಿಗೆ ಕಳಿಸಿದ್ದಳು. ತಾರೀಖಿಗೊಂದು ಖಾನೆ, ವಾರಕ್ಕೊಂದು ಖಾನೆ, ಬೇಕಾದದ್ದನ್ನು ತುಂಬಿ, ಅಷ್ಟೇ. ನಂದಕುಮಾರ ತಾರೀಖಿನಲ್ಲಿ ಒಂದರಿಂದ ಏಳು ಎಂದು, ವಾರದಲ್ಲಿ ಸೋಮವಾರ ಎಂದು ತುಂಬಿದ್ದ. ಮೊದಲ ಸೋಮವಾರ ಬೀಳುವುದು ಆ ಏಳರೊಳಗೇ ತಾನೇ? ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ.

ಬುಧವಾರವೂ ಸಂದೇಶ ಹೋಯಿತು. ರುಕ್ಮಿಣಿಬಾಯಿ ಬೈಯುತ್ತಲೇ ಒಂದು ಹಂಡೆ ಖಿಚಡಿ ಬೇಯಿಸಿದಳು. ಸಿಟ್ಟಾಗದವರೆಂದರೆ ಔರಾದದ ತಾಯಂದಿರು ಮಾತ್ರ. ಬೆಳಬೆಳಿಗ್ಗೆ ರೊಟ್ಟಿ ಬಡಿಯುವುದು ತಪ್ಪಿತಲ್ಲ, ಸಾಲಿ ಅಂದರೆ ಹೀಗಿರಬೇಕು ಎಂದು ಅವರು ಹೊಗಳಿದ್ದೇ ಹೊಗಳಿದ್ದು.

ಅಂದು ಮಧ್ಯಾಹ್ನವೇ ಸಂಸ್ಥೆಯ ಕಾರ್ಯದರ್ಶಿ ಬಸವಣ್ಣೆಪ್ಪ ಫರ್ಹೀನಳನ್ನು ಜೀಪಿನಲ್ಲಿ ಕೂರಿಸಿಕೊಂಡು ಬೀದರದಿಂದ ಬಂದಿಳಿದರು. ಕುರ್ಚಿಯಲ್ಲಿ ಕೂರುವ ಮೊದಲೇ ತೀರ್ಪು ಕೊಟ್ಟರು. "ನಾಳಿಂದ ಬರಬ್ಯಾಡ ತಮ್ಮಾ. ಕನ್ನಡದಾಗ ಬರದ್ ಕೊಟ್ಟಿದ್ದೂ ತಿಳೀದವಗ ಇಲ್ಲೇನ್ ಕೆಲಸ?"

ನಂದಕುಮಾರನಿಗೆ ಭಾಲ್ಕಿಯ ಐಶ್ವರ್ಯಾಳ ಜೊತೆ ಮೊನ್ನೆಯಷ್ಟೇ ಮದುವೆ ನಿಶ್ಚಯವಾಗಿತ್ತು, ಬೀಗರು ಒಪ್ಪಿದ್ದು ಹುಡುಗನಿಗೆ ಈ ಕೆಲಸವಿದೆಯೆಂದೇ. "ಬರದದ್ದೇ ಮಾಡೀನ್ರಿ ಸಾಹೇಬ್ರ," ಎಂದ.

"ಬರದಂಗ ಮಾಡಿದ್ರ ಹಿಂಗ್ಯಾಕ ಆಗ್ತದ? ಏಳು, ನಾ ಮಾಡಿ ತೋರಸ್ತೀನಿ."

ಅವನ ಸಾಲನ್ನು ಅಳಿಸಿ, ಕೈಪಿಡಿಯ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಬೆರಳಿನಿಂದ ಬಸವಣ್ಣೆಪ್ಪ ಕೀಲಿ ಹುಡುಕಿ ಹುಡುಕಿ ಒತ್ತಿದರು. ತಾರೀಖು, ಒಂದರಿಂದ ಏಳು. ವಾರ, ಸೋಮವಾರ. ಫರ್ಹೀನ ಪರದೆ ನೋಡಿದಳು, ನಂದಕುಮಾರನನ್ನು ನೋಡಿದಳು. ಅಳಿಸಿದ ಸಾಲೇ ಮತ್ತೆ ಬಂದು ಕೂತಿತ್ತು. ಆದರೆ ಕಾರ್ಯದರ್ಶಿಗಳು ಸ್ವತಃ ಬರೆದದ್ದಕ್ಕೆ ತಪ್ಪು ಎನ್ನುವ ಧೈರ್ಯ ಯಾರಿಗಿದೆ? ಅವರು ಪರೀಕ್ಷೆಗಿರಲಿ ಎಂದು ತಮ್ಮ ನಂಬರನ್ನೂ ಸೇರಿಸಿ, ಚಹಾ ಕುಡಿದು ಹೊರಟರು.

ಗುರುವಾರ ಬೆಳಿಗ್ಗೆ ಸಂದೇಶ ಅವರ ಫೋನಿಗೂ ಬಂತು. ಅದರ ಹಿಂದೆಯೇ ರುಕ್ಮಿಣಿಬಾಯಿಯ ಕರೆ ಬಂತು.

"ಸಾಹೇಬ್ರ, ಖಿಚಡಿ ಇಟ್ಟೀನ್ರಿ. ಇವತ್ತ ಯಾರ್ನ ಮನಿಗಿ ಕಳಸ್ತೀರಿ?"

ಬಸವಣ್ಣೆಪ್ಪ ಫರ್ಹೀನಳಿಗೆ ಫೋನ್ ಮಾಡಿದರು.

ಅಷ್ಟರಲ್ಲಿ ಫರ್ಹೀನ ಇಂಗ್ಲಿಷ್ ಕೈಪಿಡಿಯನ್ನು ಬುಡದತನಕ ಓದಿದ್ದಳು. ಎಲ್ಲ ಮುಗಿದ ಮೇಲೆ ಕೊನೆಯಲ್ಲೊಂದು ಟಿಪ್ಪಣಿ: ತಾರೀಖು, ವಾರ ಎರಡೂ ಖಾನೆ ತುಂಬಿದರೆ, ಎರಡರಲ್ಲಿ ಯಾವುದೊಂದು ಕೂಡಿಬಂದರೂ ಯಂತ್ರ ಕೆಲಸ ಮಾಡುತ್ತದೆ. ಅಂದರೆ ಏಳನೇ ತಾರೀಖಿನವರೆಗೆ ದಿನಾಲೂ ದಾಸೋಹ, ಆಮೇಲೆ ಸೋಮವಾರ ಸೋಮವಾರ ದಾಸೋಹ. ಇಷ್ಟು ದೊಡ್ಡ ಮಾತನ್ನು ಅಷ್ಟು ಮೂಲೆಯಲ್ಲಿ ಬರೆದಿಟ್ಟ ಪುಣ್ಯಾತ್ಮ ಯಾರೋ! ಸಣ್ಣ ವಿಷಯವೆಂದು ಅವಳೂ ಅದನ್ನು ಕನ್ನಡಕ್ಕೆ ತಂದಿರಲಿಲ್ಲ.

ಮತ್ತೆ ಜೀಪು, ಮತ್ತೆ ಔರಾದ. ನಂದಕುಮಾರನಿಗೂ ಹೇಳಿಕಳಿಸಿದರು. ಫರ್ಹೀನ ಅಲ್ಲೇ ಕೂತು ಹೊಸ ಹಾಳೆ ಬರೆದಳು: ವಾರದ ಖಾನೆ ತುಂಬಬೇಡಿ, ಅಲ್ಲೊಂದು ಸ್ಟಾರ್ ಹಾಕಿ, ಇವತ್ತು ಸೋಮವಾರವೋ ಅಲ್ಲವೋ ಎಂದು ಸಂದೇಶ ಕಳಿಸುವ ಮುನ್ನ ಯಂತ್ರವೇ ನೋಡುವಂತೆ ಬೇರೆ ಹೇಳಿ. ಬಸವಣ್ಣೆಪ್ಪ ಓದದೆಯೇ "ಛಲೋ ಆತು" ಎಂದು ಹಾಳೆಯನ್ನು ನಂದಕುಮಾರನಿಗೆ ಕೊಟ್ಟರು. "ನಿನ್ನ ಕೆಲಸ ನಿನಗೇ ಅದ. ಓದಿ ಹೇಳು, ತಿಳೀತೋ ಇಲ್ಲೋ?"

ನಮ್ಮ ಕಡೆ ಹಿರಿಯರು ಹೀಗೆ ಕೇಳಿದರೆ ತಿಳೀತ್ರಿ ಎನ್ನುವುದೇ ಪದ್ಧತಿ, ತಿಳಿದಿರಲೇಬೇಕೆಂದೇನಿಲ್ಲ. ನಂದಕುಮಾರ ಓದಿದ. ಐಶ್ವರ್ಯಾ ನೆನಪಾದಳು. ಇನ್ನೊಮ್ಮೆ ಓದಿದ.

"ತಿಳೀಲಿಲ್ರಿ," ಎಂದ.

ಬಸವಣ್ಣೆಪ್ಪ ಅವನನ್ನೇ ದಿಟ್ಟಿಸಿದರು. ಹಾಳೆ ಕಸಿದುಕೊಂಡು ತಾವೂ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಆಮೇಲೆ ಅದನ್ನು ಫರ್ಹೀನಳ ಕಡೆ ಚಾಚಿದರು.

"ನನಗೂ ತಿಳೀಲಿಲ್ಲ ಬೇಟಿ. ಇನ್ನೊಮ್ಮಿ ಬರಿ."