ಒಳಗಿನ ತಂತಿ, ಹೊರಗಿನ ತಂತಿ

ರೂಟರಿನ ಬಲಗಡೆಯ ದೀಪ ಹಸಿರು, ಎಡಗಡೆಯದ್ದೂ ಹಸಿರು, ಎರಡೂ ಮಿಟುಕುತ್ತಾ ಎಲ್ಲ ಸರಿ ಉಂಟು ಎನ್ನುತ್ತಿವೆ, ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ ಎಂದು ಕಮಲಾಕ್ಷನಿಗೆ ರೋಷ ಉಕ್ಕಿತು, ಸರಿ ಇದ್ದರೆ ರಿಫಾಳ ಕೈಯ ಮೊಬೈಲು ನೆಟ್‌ವರ್ಕ್ ವಿಳಾಸ ಸಿಗುತ್ತಿಲ್ಲ ಎಂದು ಯಾಕೆ ಹೇಳಬೇಕು, ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಾಳೆ, ಅತ್ತೂ ಅತ್ತೂ ಕಣ್ಣು ಬಾತಿದೆ, ಏನನ್ನೂ ಕೇಳುವುದಿಲ್ಲ, ಕೇಳಿದ್ದರೆ ಒಳ್ಳೆಯದಿತ್ತು, ಬೈಯಲಿಕ್ಕಾದರೂ ಆಗುತ್ತಿತ್ತು — ಗೋಡೆಯ ಆಚೆ ಕುರಾನ್ ಓದುತ್ತಿದ್ದಾರೆ, ಅವಳ ಬಾಪ ಮಜೀದನನ್ನು ಮೀಯಿಸಿ ಬಿಳಿ ಬಟ್ಟೆ ಸುತ್ತಿ ಮಲಗಿಸಿಯಾಗಿದೆ, ಮಧ್ಯಾಹ್ನದ ನಮಾಜಿಗೆ ಮಸೀದಿ ಮುಟ್ಟಬೇಕು, ಹನ್ನೆರಡಕ್ಕೆ ಎತ್ತುವುದು ಎಂದು ಮಜೀದನ ಅಣ್ಣ ಹನೀಫಾ ಎರಡು ಸಲ ಬಂದು ಹೇಳಿದ್ದಾನೆ, ಹನ್ನೊಂದು ಕಳೆಯಿತು, ಅಲ್ಲಿ ಮಸ್ಕತ್ತಿನಲ್ಲಿ ಮಗ ಝಿಯಾದ್ ಕೆಲಸ ಬಿಟ್ಟು ಹೊರಗೆ ಬಂದು ಬಾಪನ ಮುಖ ಒಮ್ಮೆ ನೋಡಲಿಕ್ಕೆ ಕಾಯುತ್ತಿದ್ದಾನೆ. ನಾಳೆಯವರೆಗೆ ವಿಮಾನ ಇಲ್ಲ. ವಾಮದಪದವಿನಿಂದ ಒಳಗಿನ ಈ ತಗ್ಗಿನಲ್ಲಿ ಮೊಬೈಲಿಗೆ ಒಂದು ಗೆರೆಯೂ ಸಿಗುವುದಿಲ್ಲ, ಕೆಂಪುಕಲ್ಲಿನ ಕ್ವಾರಿಯ ತಲೆಗೆ ಹತ್ತಬೇಕು, ಬೆಳಿಗ್ಗೆ ಹನೀಫಾ ಅಲ್ಲಿಂದಲೇ ಸುದ್ದಿ ಮುಟ್ಟಿಸಿದ, ಫೋಟೋ ತೆಗೆದು ಕಳಿಸ್ತೇವೆ ಮೋನೆ ಎಂದ, ಫೋಟೋ ಬೇಡ, ಬಾಪ ಮನೆಯಲ್ಲಿ ಇರುವಾಗಲೇ ನಾನೂ ಒಮ್ಮೆ ಅಲ್ಲಿ ಇರಬೇಕು ಎಂದು ಹುಡುಗ ಹಟ ಹಿಡಿದ, ಆಗ ಕಮಲಾಕ್ಷ ಹನೀಫಾನ ಕೈಯಿಂದ ಫೋನು ಕಿತ್ತುಕೊಂಡು ಹೇಳಿದ್ದು — ನಾನು ಮಾಡಿಕೊಡ್ತೇನೆ, ನೀನು ಕಾದಿರು. ಯಾರು ಹೇಳಲಿಕ್ಕೆ ಹೇಳಿದ್ದು ನಿನಗೆ, ನೀನೇನು ದೊಡ್ಡ ಇಂಜಿನಿಯರ, ಬೆಳ್ತಂಗಡಿಯಲ್ಲಿ ಟೆಲಿಫೋನಿನ ಕೇಬಲು ಜೋಡಿಸಿ ನಿವೃತ್ತನಾದವ, ತಂತಿ ತುಂಡಾದರೆ ಬೆಸೆಯಲಿಕ್ಕೆ ಗೊತ್ತು, ತಂತಿಯ ಒಳಗೆ ಓಡುವುದರ ಗುಟ್ಟೆಲ್ಲ ಗೊತ್ತಿದ್ದದ್ದು ಅವನಿಗೆ, ಆಚೆ ಮಲಗಿರುವವನಿಗೆ.

ಅವನಿಗೇ ಬೈಯಬೇಕು. ಮೆಲ್ಕಾರಿನಲ್ಲಿ ಮೂವತ್ತು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದವ, ಇಂಟರ್‌ನೆಟ್ ಕಂಪೆನಿಯ ರೂಟರು ಮೂರನೆಯ ಸಲ ಸಿಡಿಲಿಗೆ ಸುಟ್ಟಾಗ ಮೂಡಬಿದ್ರೆಯ ಗುಜರಿಯಿಂದ ಹಳೆಯ ಕಂಪ್ಯೂಟರನ್ನು ಸ್ಕೂಟರಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಬಂದ, ಇನ್ನು ರೂಟರು ನಾವೇ ಮಾಡುವ ಮಾರಾಯ ಎಂದ, ಮಾಡಿದ, ಎರಡು ಕಾರ್ಡು, ಒಂದಕ್ಕೆ ಕಂಪೆನಿಯಿಂದ ಬರುವ ಹೊರಗಿನ ತಂತಿ, ಇನ್ನೊಂದಕ್ಕೆ ಮನೆಗೆ ಹೋಗುವ ಒಳಗಿನ ತಂತಿ, ಅಲ್ಲಿಂದ ಬೇಲಿಯ ಕೆಳಗೆ ಪೈಪಿನಲ್ಲಿ ಕಮಲಾಕ್ಷನ ಮನೆಗೂ ಒಂದು ಎಳೆ, ಆ ಎಳೆ ಎಳೆದದ್ದು ಮಾತ್ರ ಕಮಲಾಕ್ಷ, ಉಳಿದದ್ದೆಲ್ಲ ಮಜೀದ. ಪಾಸ್‌ವರ್ಡ್ ಒಂದು ಪುಸ್ತಕದಲ್ಲಿ ಬರೆದಿಡು ಎಂದರೆ ತಲೆಯನ್ನು ಬೆರಳಿನಿಂದ ತಟ್ಟಿ ನಗುತ್ತಿದ್ದ, ಇಲ್ಲಿ ಉಂಟಲ್ಲ, ಇದು ಎಲ್ಲಿಗೆ ಹೋಗ್ತದೆ. ಹೋಯಿತಲ್ಲ. ಈಗ ಆ ಪಾಸ್‌ವರ್ಡ್ ಉಳಿದಿರುವುದು ಈ ಡಬ್ಬದ ಹೊಟ್ಟೆಯೊಳಗೆ ಮಾತ್ರ, ಇದನ್ನು ಬಿಟ್ಟು ಬೇರೆ ಯಾವುದನ್ನು ಜೋಡಿಸಿದರೂ ಕಂಪೆನಿಯ ಲೈನು ತೆರೆಯುವುದಿಲ್ಲ, ಕ್ವಾರಿಯ ತಲೆಯಿಂದ ಕಂಪೆನಿಗೆ ಫೋನು ಮಾಡಿದರೆ ಒಂದು ಹೆಣ್ಣು ಸ್ವರ, ನೀವೇ ಮಾಡಿಕೊಂಡ ರೂಟರಿಗೆ ನಾವು ಜವಾಬ್ದಾರರಲ್ಲ ಸರ್, ಇಲ್ಲಿ ಒಬ್ಬ ಸತ್ತಿದ್ದಾನಮ್ಮ ಎಂದರೆ ನಿಮ್ಮ ದೂರನ್ನು ದಾಖಲಿಸಿಕೊಂಡಿದ್ದೇವೆ ಸರ್. ಕಮಲಾಕ್ಷ ತಂತಿಯ ತುದಿ ಕತ್ತರಿಸಿ ಹೊಸದಾಗಿ ಕಟ್ಟಿದ, ನಾಲ್ಕು ಸಲ ಆರಿಸಿ ಹೊತ್ತಿಸಿದ, ವೈಫೈ ಪೆಟ್ಟಿಗೆಯನ್ನು ತಟ್ಟಿ ನೋಡಿದ, ಏನೂ ಇಲ್ಲ, ಒಳಕೋಣೆಯಿಂದ ಮಜೀದನ ಹೆಂಡತಿ ರುಖಿಯಮ್ಮ ಹೇಳಿ ಕಳಿಸಿದಳು, ಕಮಲಣ್ಣನಿಗೆ ಸಾಕು ಅಂತ ಹೇಳಿ, ಮಗನಿಗೆ ನೋಡುವ ಯೋಗ ಇಲ್ಲ ಅಂತ ಕಾಣ್ತದೆ — ಯೋಗವಂತೆ, ಎರಡು ಕಾರ್ಡಿನ ಡಬ್ಬಕ್ಕೆಲ್ಲ ಯೋಗ, ಇಲ್ಲ ರುಖಿಯಮ್ಮ, ಆಗ್ತದೆ ಎಂದು ಗೋಡೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ, ಓದುತ್ತಿದ್ದವರ ಸ್ವರ ಒಂದು ಕ್ಷಣ ತಡೆದು ಮತ್ತೆ ಮುಂದುವರಿಯಿತು, ನಾಚಿಕೆಯಾಯಿತು, ಅದಕ್ಕೂ ಸಿಟ್ಟು ಬಂತು.

ನಿನ್ನೆ ಸಂಜೆಯ ಸಿಡಿಲಿಗೆ ಒಳಗಿನ ಕಾರ್ಡು ಸುಟ್ಟಿತ್ತು, ಮಜೀದ ಮುಚ್ಚಳ ತೆಗೆದು ಬೇರೆ ಕಾರ್ಡು ಕೂರಿಸಿದ, ಟಾರ್ಚು ಹಿಡಿದದ್ದು ಕಮಲಾಕ್ಷ, ಸ್ಕ್ರೂ ತಿರುಗಿಸುತ್ತಿದ್ದವ ನಡುವೆ ನಿಲ್ಲಿಸಿ ಎಡಗೈಯನ್ನು ಭುಜದಿಂದ ಮೊಣಕೈವರೆಗೆ ನೀವಿಕೊಂಡ, ಯಾಕೋ ಕೈ ಭಾರ ಆಗ್ತದೆ ಮಾರಾಯ ಎಂದ, ಅದಕ್ಕೆ ನೀನು ಏನೆಂದೆ, ಹೇಳು ಕಮಲಾಕ್ಷ, ವಾಯು ಇರಬೇಕು, ಜೀರಿಗೆ ಕಷಾಯ ಕುಡಿದು ಮಲಗು ಎಂದೆ, ಡಾಕ್ಟರಾಗಿಬಿಟ್ಟೆ, ಪುಂಜಾಲಕಟ್ಟೆಯ ಹುಡುಗನ ಜೀಪು ಕರೆದಿದ್ದರೆ ಮುಕ್ಕಾಲು ಗಂಟೆಯಲ್ಲಿ ಆಸ್ಪತ್ರೆ ಸಿಗುತ್ತಿತ್ತು, ಕರೆಯಲಿಲ್ಲ, ಉಳಿದದ್ದು ನಾಳೆ ನೋಡುವ ಎಂದು ಅವನು ಎದ್ದ, ಬೆಳಿಗ್ಗೆ ಆಸ್ಪತ್ರೆಗೆಂದು ಹೊರಟು ಬಂಟ್ವಾಳ ಮುಟ್ಟುವ ಮೊದಲೇ ಜೀಪಿನಲ್ಲಿ ಅವನ ತಲೆ ಕಮಲಾಕ್ಷನ ಹೆಗಲಿಗೆ ವಾಲಿತು, ಅರ್ಧಕ್ಕೆ ಬಿಟ್ಟು ಹೋದೆ, ಹಾಳಾದವನೇ, ಎಲ್ಲವನ್ನೂ ಅರ್ಧಕ್ಕೆ — ಕಣ್ಣು ಮಂಜಾಗಿತ್ತು, ಒರೆಸಿಕೊಂಡು ಡಬ್ಬಕ್ಕೆ ಜೋಡಿಸಿದ ಪರದೆ ನೋಡಿದ, ಎರಡು ಸಾಲು, ಎರಡು ಕಾರ್ಡಿನ ಹೆಸರು, ಪಕ್ಕದಲ್ಲಿ ಉದ್ದದ ನಂಬರು, ಮಜೀದ ಸುಡದೆ ಉಳಿದ ಹೊರಗಿನ ಹಳೆಯ ಕಾರ್ಡಿಗೆ ಬಿಳಿ ಪ್ಲಾಸ್ಟರು ಅಂಟಿಸಿ ಅದರ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದಿದ್ದ, ಅಷ್ಟಾದರೂ ಬರೆದಿದ್ದ, ಕಮಲಾಕ್ಷ ಬಗ್ಗಿ ಓದಿದ, ಪರದೆ ಓದಿದ, ಮತ್ತೆ ಬಗ್ಗಿದ. ಅದಲು ಬದಲು. ಹೊಸ ಕಾರ್ಡು ಬಂದದ್ದೇ ತಾನು ಮೊದಲನೆಯದು ಎಂದು ಹೇಳಿಕೊಂಡಿದೆ, ಡಬ್ಬ ಅದನ್ನೇ ನಂಬಿ ಮನೆಯ ಕಡೆಗೆ ತಿರುಗಿ ಕಂಪೆನಿಯನ್ನು ಹುಡುಕುತ್ತಿದೆ, ಕಂಪೆನಿಯ ಕಡೆಗೆ ತಿರುಗಿ ಮನೆಗೆ ವಿಳಾಸ ಹಂಚುತ್ತಿದೆ, ಇಷ್ಟೇ, ಬೆಳಗಿನಿಂದ ಇಷ್ಟೇ ಆಗಿತ್ತು, ಎರಡು ತಂತಿ ಕಿತ್ತು ಇದನ್ನು ಅದಕ್ಕೆ ಅದನ್ನು ಇದಕ್ಕೆ ಸಿಕ್ಕಿಸಿದರೆ ಮುಗಿಯಿತು, ಮಗು ಮಾಡುವ ಕೆಲಸ, ಕಿತ್ತ, ಸಿಕ್ಕಿಸಿದ, ಹೊತ್ತಿಸಿದ. ಹನೀಫಾ ಬಾಗಿಲಿಗೆ ಬಂದು ಗಂಟೆ ಆಯ್ತು ಕಮಲಾಕ್ಷ ಎಂದ, ಅದೇ ಉಸಿರಿನಲ್ಲಿ ರಿಫಾ ಬಂತು ಎಂದಳು, ಬಂತು ಕಮಲಣ್ಣ.

ಝಿಯಾದ್ ಮೊಬೈಲಿನ ಪರದೆಗೆ ಬಂದ, ಕಿತ್ತಳೆ ಬಣ್ಣದ ಜಾಕೆಟು, ಹಳದಿ ಹೆಲ್ಮೆಟ್ಟು ತೆಗೆದು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡಿದ್ದಾನೆ, ಫೋನನ್ನು ಯಾರೋ ಜೊತೆಯವ ಹಿಡಿದಿರಬೇಕು, ರಿಫಾ ಮೊಬೈಲು ಹಿಡಿದು ಆಚೆ ಹೋದಳು, ಹನೀಫಾ ಮುಖದ ಬಟ್ಟೆ ಸರಿಸಿದ, ಕಮಲಾಕ್ಷ ಬಾಗಿಲಲ್ಲೇ ನಿಂತ, ಓದುವವರ ಸ್ವರ ಮಾತ್ರ ಕೇಳುತ್ತಿತ್ತು, ಮೂರು ನಿಮಿಷ ಇರಬಹುದು, ನಾಲ್ಕು ಇರಬಹುದು. ಆಮೇಲೆ ಎತ್ತಿದರು. ಹೆಂಗಸರ ಅಳು ಗೇಟಿನವರೆಗೆ ಹೋಗಿ ನಿಂತಿತು, ಗಂಡಸರೆಲ್ಲ ಗುಡ್ಡದ ಏಣು ಹತ್ತಿ ಮರೆಯಾದರು, ಹಿಂದೆ ಹೊರಟಿದ್ದ ಕಮಲಾಕ್ಷನನ್ನು ತಡೆದು ರಿಫಾ ಮೊಬೈಲನ್ನು ಅವನ ಕೈಗೆ ಕೊಟ್ಟಳು, ಝಿಯಾದ್ ಕಾಕನಿಗೆ ನಿಮ್ಮ ಹತ್ತಿರ ಮಾತಾಡಬೇಕಂತೆ. ಕಮಲಣ್ಣ, ನಿಮ್ಮಿಂದಾಗಿ ನೋಡಿದೆ, ಎಂದ ಝಿಯಾದ್, ಹೆಲ್ಮೆಟ್ಟಿನ ಪಟ್ಟಿ ಬೆರಳಿಗೆ ಸುತ್ತುತ್ತಾ, ಸುತ್ತುತ್ತಾ, ನಿನ್ನೆ ಬಾಪನ ಜೊತೆ ಇದ್ದದ್ದು ನೀವಲ್ಲವಾ, ಏನಾದರೂ ಆಗ್ತದೆ ಅಂತ ಬಾಪ ಹೇಳಿದ್ರಾ. ಇಲ್ಲ ಎಂದುಬಿಡು, ನಗುತ್ತಾ ಮಲಗಿದ ಎಂದುಬಿಡು, ಹುಡುಗ ದೂರದಲ್ಲಿದ್ದಾನೆ, ಇಲ್ಲ ಎಂದರೆ ಅವನಿಗೂ ಸಮಾಧಾನ, ನಿನಗೂ — ನಿನಗೆ ಸಮಾಧಾನ ಬೇರೆ ಕೇಡು. ಎಡಗೈ ಭಾರ ಆಗ್ತದೆ ಅಂದ, ಕಮಲಾಕ್ಷ ಹೇಳಿದ, ನಾನು ವಾಯು ಅಂದೆ, ಕಷಾಯ ಕುಡಿ ಅಂದೆ, ಆಗಲೇ ಆಸ್ಪತ್ರೆಗೆ ಕರಕೊಂಡು ಹೋಗಲಿಲ್ಲ ಝಿಯಾದ್. ಪಟ್ಟಿ ಸುತ್ತುತ್ತಿದ್ದ ಬೆರಳು ನಿಂತಿತು. ಲೈನು ಹೋಯಿತೋ, ಚಿತ್ರ ಅಂಟಿಕೊಂಡಿತೋ ಎಂದು ಕಮಲಾಕ್ಷ ಡಬ್ಬದ ಕಡೆ ತಿರುಗಿದ, ಲೈನು ಸರಿ ಇತ್ತು, ಹುಡುಗನ ಹಿಂದೆ ಒಂದು ಲಾರಿ ಹಾದುಹೋಗುತ್ತಿತ್ತು, ಧೂಳು ಏಳುತ್ತಿತ್ತು, ಅವನು ಮಾತ್ರ ಅಲುಗುತ್ತಿಲ್ಲ, ಹಳದಿ ಹೆಲ್ಮೆಟ್ಟು, ಎದೆಗೆ ಅವಚಿದ ಎರಡು ಕೈ, ಬೆರಳಿಗೆ ಅರ್ಧ ಸುತ್ತಿದ ಪಟ್ಟಿ.